ಮಾರಿಸ್ಸಿನ ಬಲಗೈ

ನನಗೊಂದು ಕೆಟ್ಟ ಚಾಳಿ ಇದೆ. ಯಾರದೇ ಕಾರಿರಲಿ, ಹಿಂದಿನ ಸೀಟಿನ ಬಲಗಡೆ ಕೂತಿದ್ದೆನೋ, ಕಾರು ಬಲಕ್ಕೆ ಹೊರಳಬೇಕು ಅನ್ನುವಷ್ಟರಲ್ಲಿ ನನ್ನ ಮುಷ್ಟಿ ತಾನೇ ಮೇಲೆದ್ದು ಎರಡು ಬಾಗಿಲುಗಳ ನಡುವಿನ ಕಂಬಕ್ಕೆ ಒಂದು ಗುದ್ದು ಕೊಟ್ಟುಬಿಡುತ್ತದೆ. ಮೊನ್ನೆ ನಮ್ಮ ಹೆಡ್‌ಮಾಸ್ತರರು ಹೊಸ ಕಾರು ತಂದರು. ಸೀಟಿಗೆ ಸುತ್ತಿದ ಪ್ಲಾಸ್ಟಿಕ್ ಇನ್ನೂ ಕಿತ್ತಿರಲಿಲ್ಲ. ನಮ್ಮನ್ನೆಲ್ಲ ಕೂರಿಸಿಕೊಂಡು ಹಾನಗಲ್ಲಿಗೆ ಹೊರಟರು. ಸರ್ಕಲ್ಲಿನಲ್ಲಿ ಬಲಕ್ಕೆ ತಿರುಗುವಾಗ ನಾನು ಧಡ್ ಎಂದು ಗುದ್ದಿದೆ. ಅವರು ಬೆಚ್ಚಿಬಿದ್ದು ಬ್ರೇಕ್ ಹಾಕಿ, "ಏನಾತ್ರಿ ಮೇಡಮ್ಮರ? ನನ್ನ ಮ್ಯಾಲೇನರ ಸಿಟ್ಟೈತೇನ್ರಿ?" ಅಂದರು. ಏನು ಹೇಳಲಿ? "ಇಲ್ರೀ ಸರ್, ಸೊಳ್ಳಿ ಕುಂತಿತ್ತು" ಅಂದೆ. ಎ.ಸಿ. ಹಾಕಿದ, ಕಿಟಕಿ ಮುಚ್ಚಿದ ಹೊಸ ಕಾರಿನಲ್ಲಿ ಸೊಳ್ಳೆ ಎಲ್ಲಿಂದ ಬರಬೇಕು! ಅವರು ಅದನ್ನೂ ನಂಬಿ ಇಡೀ ದಾರಿ ಹುಡುಕಿದರು.

ಈ ಚಾಳಿಗೆ ಮೂಲ ನಮ್ಮ ತವರುಮನೆಯ ಮಾರಿಸ್ ಮೈನರ್. ನನ್ನ ತವರು ಅಕ್ಕಿಆಲೂರು, ಅಕ್ಕಿ ಗಿರಣಿಯ ಮನೆ. ಗಿರಣಿಯ ಪಕ್ಕದ ತಗಡಿನ ಶೆಡ್ಡಿನಲ್ಲಿ, ಹೊಟ್ಟಿನ ಧೂಳು ಹೊದ್ದುಕೊಂಡು, ಎಮ್ಮೆಯ ಕೊಟ್ಟಿಗೆಗೆ ಬೆನ್ನು ಹಾಕಿ ಅದು ನಿಂತಿದೆ. ವಿಲಾಯತಿಯ ಸಂಸಾರಸ್ಥರ ಬಂಡಿ ಅದು. ಸಣ್ಣ ಪಗಾರದ ಮನುಷ್ಯ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಊರಿಗೆ ಹೋಗಲಿ ಎಂದು ಅಲ್ಲಿಯವರು ಮಾಡಿದ್ದು. ಅದನ್ನು ನಮ್ಮ ಅಜ್ಜ ಧಾರವಾಡದ ಒಬ್ಬ ವಕೀಲರಿಂದ ತಂದ. ತಂದವನು ಕಾರಿನಂತೆ ಸಾಕಲಿಲ್ಲ, ಎತ್ತಿನಂತೆ ಸಾಕಿದ. ಸೋಮವಾರ ಬಸವಣ್ಣನ ವಾರ, ನಮ್ಮ ಕಡೆ ಎತ್ತು ಹೂಡುವುದಿಲ್ಲ. ಆದ್ದರಿಂದ ನಮ್ಮ ಮಾರಿಸ್ಸಿಗೂ ಸೋಮವಾರ ರಜೆ. ಮನೆಯಲ್ಲಿ ಏನೇ ತುರ್ತಿರಲಿ, ಸೋಮವಾರ ಅದರ ಕೀಲಿ ದೇವರ ಜಗಲಿಯ ಮೇಲೆ ವಿಭೂತಿ ಗಟ್ಟಿಯ ಪಕ್ಕದಲ್ಲಿರುತ್ತಿತ್ತು. ಕಾರಹುಣ್ಣಿವೆಗೆ ಎತ್ತಿನ ಕೋಡಿಗೆ ಬಣ್ಣ ಹಚ್ಚಿದ ಮೇಲೆ ಉಳಿದದ್ದು ಅದರ ಬಂಪರಿಗೆ. ಒಂದು ವರ್ಷ ಅಜ್ಜ ಮುಂದಿನ ದೀಪಗಳಿಗೆ ಗೊಂಡೆ ಕಟ್ಟಿದನಂತೆ. ಇಂಥ ಮರ್ಯಾದೆ ಅದಕ್ಕೆ ಅದರ ತವರಿನಲ್ಲೂ ಸಿಕ್ಕಿರಲಿಕ್ಕಿಲ್ಲ.

ಹಾಗಂತ ಅದರ ಕಸುಬನ್ನು ಅಜ್ಜ ಅರಿಯದವನಲ್ಲ. ಮುಂದಿನ ಗಾಲಿಗಳಿಗೆ ಸುರುಳಿ ಸ್ಪ್ರಿಂಗ್ ಇಲ್ಲ, ಉದ್ದನೆಯ ಉಕ್ಕಿನ ಸರಳುಗಳಿವೆ. ಗಾಲಿ ತಗ್ಗಿಗೆ ಬಿದ್ದಾಗ ಸರಳು ಒದ್ದೆ ಸೀರೆ ಹಿಂಡಿದ ಹಾಗೆ ತಿರುಚಿಕೊಂಡು, ಮತ್ತೆ ತನ್ನ ಪಾಡಿಗೆ ತಾನು ಬಿಚ್ಚಿಕೊಳ್ಳುತ್ತದೆ. ಸ್ಟೇರಿಂಗ್ ಎಷ್ಟು ಹಗುರವೆಂದರೆ ಎರಡು ಬೆರಳಿಗೆ ಮಾತು ಕೇಳುತ್ತದೆ. ಇನ್ನೊಂದು ಕಥೆ ಉಂಟು, ನಿಜವೇ ಅಂತೆ: ಈ ಬಂಡಿಯ ಮಾದರಿ ತಯಾರಾದ ಮೇಲೆ ಅದನ್ನು ಕಲ್ಪಿಸಿದವನಿಗೆ ಯಾಕೋ ಅದು ಸಣಕಲು ಎನಿಸಿತಂತೆ. ಉದ್ದಕ್ಕೆ ನಡುಮಧ್ಯೆ ಸೀಳಿಸಿ, ಎರಡು ಹೋಳನ್ನು ನಾಲ್ಕು ಇಂಚು ದೂರ ಸರಿಸಿ ನೋಡಿ, "ಹಾಂ, ಈಗ ಸರಿ" ಅಂದನಂತೆ. ಬಾನೆಟ್ಟಿನ ನಡುವೆ ಇವತ್ತಿಗೂ ಆ ನಾಲ್ಕಿಂಚಿನ ಪಟ್ಟಿ ಇದೆ. ಹೊಲಿದ ಜಂಪರು ಬಿಗಿಯಾಯಿತೆಂದು ನಡುವೆ ಪಟ್ಟಿ ಕೂಡಿಸುವುದನ್ನು ನಾವೂ ಮಾಡಿದ್ದೇವೆ, ಆದರೆ ಕಾರಿಗೆ ಮಾಡುವ ಧೈರ್ಯ ಬೇಕು ನೋಡಿ.

ಈಗ ಕೈಯ ವಿಷಯ. ಈ ಬಂಡಿಗೆ ಇವತ್ತಿನ ಹಾಗೆ ಮಿಣುಕು ದೀಪಗಳಿಲ್ಲ. ಎರಡೂ ಪಕ್ಕದ ಕಂಬದೊಳಗೆ ಗೇಣುದ್ದದ ಒಂದೊಂದು ಕೈ ಅಡಗಿದೆ. ಗುಂಡಿ ಒತ್ತಿದರೆ ಕಂಬದಿಂದ ಟಪ್ಪೆಂದು ಹೊರಗೆ ಚಾಚಿ, ಒಳಗಿನ ಪುಟ್ಟ ದೀಪ ಕೇಸರಿಯಾಗಿ ಹೊತ್ತಿಕೊಂಡು, "ನಾ ಈ ಕಡೆ ಹೊಂಟೇನಿ" ಎಂದು ಹೇಳುತ್ತದೆ. ನಮ್ಮ ಬಂಡಿಯ ಎಡಗೈ ಸುಮ್ಮನೆ ಮಾತು ಕೇಳುವ ಜಾತಿ. ಬಲಗೈ ಮಾತ್ರ ಅಜ್ಜನ ಕಾಲಕ್ಕೇ ಹಟ ಹಿಡಿದಿತ್ತು. ಆಗ ನಮ್ಮ ಗಿರಿಜತ್ತಿ, ಅಂದರೆ ಅಪ್ಪನ ತಂಗಿ, ಲಂಗ ಉಡುವ ಹುಡುಗಿ. ಒಂದು ದಿನ ಅಜ್ಜನ ಹಿಂದೆ ಕೂತವಳು ಪೆಪ್ಪರಮಿಂಟು ಕೊಡಿಸಲಿಲ್ಲ ಎಂದು ಸಿಟ್ಟಿಗೆದ್ದು ಕಂಬಕ್ಕೆ ಗುದ್ದಿದಳಂತೆ. ಟಪ್! ಕೈ ಎದ್ದಿತು. ಅಜ್ಜ ಆವತ್ತೇ ಸಾರಿಬಿಟ್ಟ: "ನಮ್ಮ ಗಿರಿಜಾ ಎಬ್ಬಿಸಿದ್ರನ ಏಳತೈತಿ." ಅಲ್ಲಿಂದ ಮುಂದೆ ಅದು ಅವಳ ಹುದ್ದೆಯಾಯಿತು. ಡ್ರೈವರನ ಹಿಂದಿನ ಸೀಟು ಅವಳದು. ಮದುವೆಯಾಗಿ ಮಾಸೂರಿಗೆ ಹೋದ ಮೇಲೂ ಆ ಸೀಟು ಅವಳದೇ.

ಅವಳಿಲ್ಲದಾಗ ಅಪ್ಪ ಕಿಟಕಿಯಿಂದ ತನ್ನ ಕೈಯನ್ನೇ ಚಾಚುತ್ತಿದ್ದ. ನಾನೂ ನನ್ನ ಅಣ್ಣನೂ ಗುದ್ದಿ ಗುದ್ದಿ ಬೆರಳ ಗೆಣ್ಣು ಕೆಂಪಗಾದರೂ ಆ ಕೈ ಜಗ್ಗುತ್ತಿರಲಿಲ್ಲ. "ಅದು ಅಕಿ ಕೈಗೇ ಏಳೂದು. ನಿಮ್ಮ ಗುದ್ದಿಗೆ ಅಂಜತೈತೇನ ಅದು?" ಎಂದು ಅಪ್ಪ ನಗುತ್ತಿದ್ದ. ಅತ್ತಿ ಬಂದು ಕೂತು, ಬಳೆಗಳನ್ನು ಮೇಲೆ ಸರಿಸಿ, ಅಂಗೈ ಮಡಚಿ ಹಗುರಾಗಿ ಒಂದು ಕೊಟ್ಟರೆ ಸಾಕು, ಟಪ್! ಬಾಯಿ ತೆರೆದುಕೊಂಡು ನೋಡುತ್ತಿದ್ದೆ.

ಮುಂದೆ ನಾನು ವಿಜ್ಞಾನದ ಶಿಕ್ಷಕಿಯಾದೆ. ಆದಮೇಲೆ ಬಿಡಲಾದೀತೇ? ವಿದ್ಯುತ್ಕಾಂತದ ಪಾಠ ಬಂದಾಗಲೆಲ್ಲ ನಮ್ಮ ಮಾರಿಸ್ಸಿನ ಬಲಗೈ ಹತ್ತನೆಯ ತರಗತಿಯ ಬೋರ್ಡಿನ ಮೇಲೆ ಏಳುತ್ತಿತ್ತು. ಸುರುಳಿಯೊಳಗಿನ ಕಬ್ಬಿಣದ ದಿಂಡು ಹೇಗೆ ಸಿಕ್ಕಿಕೊಂಡಿರುತ್ತದೆ, ನಿರ್ದಿಷ್ಟ ಜಾಗದಲ್ಲಿ ನಿರ್ದಿಷ್ಟ ಹದದ ಗುದ್ದು ಬಿದ್ದರೆ ಹೇಗೆ ಸಡಿಲಾಗುತ್ತದೆ, ನಮ್ಮ ಅತ್ತಿಯ ಗುದ್ದಿಗೂ ನನ್ನ ಗುದ್ದಿಗೂ ಕಂಪನದಲ್ಲಿ ಏನು ವ್ಯತ್ಯಾಸ ಎಂದು ಬಾಣದ ಗುರುತು ಹಾಕಿ ವಿವರಿಸುತ್ತಿದ್ದೆ. ಮಕ್ಕಳು ಬರೆದುಕೊಂಡರು. ಪಾಪ, ಕೆಲವರು ಪರೀಕ್ಷೆಯಲ್ಲೂ ಬರೆದರು. ನಾನು ಮಾರ್ಕ್ಸೂ ಕೊಟ್ಟೆ.

ಅತ್ತಿ ಆ ಸೀಟಿನಲ್ಲಿ ಕೂರುತ್ತಿದ್ದುದು ಮುಖ್ಯವಾಗಿ ಪಂಚಮಿಗೆ. ನಿಮಗೆ ಗೊತ್ತೇ ಇದೆ, ನಮ್ಮ ಕಡೆ ಪಂಚಮಿ ಎಂದರೆ ಹೆಣ್ಣುಮಕ್ಕಳ ಹಬ್ಬ. ಕೊಟ್ಟ ಮನೆಗೆ ಅಣ್ಣತಮ್ಮಂದಿರು ಹೋಗಿ, "ಹಬ್ಬಕ್ಕ ಬಾರವಾ" ಎಂದು ಕರೆದುಕೊಂಡು ಬರಬೇಕು. ನಮ್ಮಪ್ಪ ಒಂದು ವರ್ಷವೂ ತಪ್ಪಿಸಿದವನಲ್ಲ. ಇದರ ಬಗ್ಗೆ ಅವ್ವನದು ಹಳೆಯ ತಕರಾರು. ಅವ್ವನ ತವರು ಶಿಗ್ಗಾವಿ ತಾಲೂಕಿನ ದುಂಡಸಿ. "ತಂಗಿನ್ನ ಕರ್ಯಾಕ ಕಾರು. ನನ್ನ ದುಂಡಸಿಗೆ ಕೆಂಪ ಬಸ್ಸು. ಅದೂ ನಿಂತಗೊಂಡು!" ಎಂದು ಪ್ರತಿ ಪಂಚಮಿಗೂ ಶೇಂಗಾ ಉಂಡಿ ಕಟ್ಟುತ್ತ ಹೇಳುತ್ತಾಳೆ. ಹೇಳುತ್ತಲೇ ನಾದಿನಿಗೆಂದು ದೊಡ್ಡ ಉಂಡಿಗಳನ್ನು ಬೇರೆ ಡಬ್ಬಿಗೆ ಹಾಕುತ್ತಾಳೆ. ನನ್ನನ್ನಂತೂ ಯಾರೂ ಕರೆಯಲು ಬರುವುದಿಲ್ಲ. ಕೊಟ್ಟದ್ದು ಹಾನಗಲ್ಲಿಗೆ. ಸ್ಕೂಟಿ ಏರಿ ನಾನೇ ಬಂದು, ನಾನೇ ನನ್ನನ್ನು ಕರೆದುಕೊಂಡು ಬಂದೆ ಎಂದು ತಿಳಿದುಕೊಳ್ಳುತ್ತೇನೆ.

ಈ ಪಂಚಮಿಗಳಲ್ಲಿ ಒಂದನ್ನು ಹೇಳಲೇಬೇಕು. ನಾನಾಗ ಪ್ರೈಮರಿ ಶಾಲೆಯಲ್ಲಿದ್ದೆ. ಮಾಮಾ, ಅಂದರೆ ಅತ್ತಿಯ ಗಂಡ, ಆ ಬೇಸಿಗೆಯಲ್ಲಿ ತೀರಿಕೊಂಡಿದ್ದ. ಅತ್ತಿಗೆ ಇನ್ನೂ ಮೂವತ್ತು ಚಿಲ್ಲರೆ ವಯಸ್ಸು. ಪಂಚಮಿಗೆ ಕರೆಯಲು ಅಪ್ಪ ನನ್ನನ್ನೂ ಕರೆದುಕೊಂಡು ಹೋದ. ಅತ್ತಿ ತನ್ನ ಸೀಟಿನಲ್ಲಿ ಕೂತಳು, ಆದರೆ ಬರಿಗೈ ಎರಡನ್ನೂ ಸೆರಗಿನೊಳಗೆ ಮುಚ್ಚಿಕೊಂಡಿದ್ದಳು. ಇನ್ನು ಮುಂದೆ ಶುಭದ್ದಕ್ಕೆ ಕೈ ಮುಂದೆ ಮಾಡಬಾರದು, ಯಾರ ಉಡಿ ತುಂಬಲೂ ಹೋಗಬಾರದು ಎಂದು ಓಣಿಯ ಹೆಂಗಸರು ಅವಳಿಗೆ ಹೇಳಿಕೊಟ್ಟಿದ್ದರು. ಮಾಸೂರಿನಿಂದ ದೊಡ್ಡ ರಸ್ತೆಗೆ ಬಂದು ಬಲಕ್ಕೆ ಹೊರಳಬೇಕು. ಅಪ್ಪ ಬಂಡಿ ನಿಲ್ಲಿಸಿದ. ಹಿಂದಿನಿಂದ ಗುದ್ದು ಬೀಳಲಿಲ್ಲ.

"ಕೈ ಎಬ್ಬಸವಾ" ಅಂದ.

"ನೀನ ಕೈ ಚಾಚಿ ಹೊಳ್ಳಸೋ ಅಣ್ಣಾ" ಅಂದಳು ಅತ್ತಿ, ತಲೆ ಎತ್ತದೆ.

"ನೀ ಎಬ್ಬಸೂತನಕ ನಾ ಹೊಳ್ಳಂಗಿಲ್ಲ."

ಹಿಂದೆ ಬಸ್ಸು ಬಂದು ನಿಂತಿತು. ಎರಡು ಚಕ್ಕಡಿ ನಿಂತವು. ಹಾರನ್ನೋ ಹಾರನ್ನು. ಕಂಡಕ್ಟರ್ ಇಳಿದು ಬಂದು, "ಏನ್ರೀ ಯಜಮಾನ್ರ, ಕೆಟ್ಟೈತೇನ್ರಿ?" ಅಂದ. ಅಪ್ಪ ಒಂಚೂರೂ ಅಳುಕದೆ, "ಇಲ್ರೀ, ನಮ್ಮ ತಂಗಿ ಇನ್ನಾ ಕೈ ಎಬ್ಬಿಸಿಲ್ಲ" ಅಂದ. ಕಂಡಕ್ಟರನಿಗೆ ಏನು ತಿಳಿಯಿತೋ, ತಲೆ ಕೆರೆದುಕೊಂಡು ನಿಂತ. ಕೊನೆಗೆ ಅತ್ತಿ ಸೆರಗಿನಿಂದ ಕೈ ತೆಗೆದು ಕಂಬಕ್ಕೆ ಮುಟ್ಟಿದಳೋ ಇಲ್ಲವೋ ಅನ್ನುವ ಹಾಗೆ ಗುದ್ದಿದಳು. ಟಪ್ಪೆಂದು ಕೈ ಎದ್ದಿತು. ಅತ್ತಿ ಅದನ್ನೇ ನೋಡಿದಳು, ತನ್ನ ಅಂಗೈ ನೋಡಿಕೊಂಡಳು, ಆಮೇಲೆ ಗೊಳೋ ಎಂದು ಅತ್ತಳು. ಹಿರೇಕೆರೂರು ಬರುವಷ್ಟರಲ್ಲಿ ಶಾರಿಗೆ, ಅಂದರೆ ನನಗೆ, ಪೆಪ್ಪರಮಿಂಟು ಕೊಡಿಸು ಎಂದು ಅಪ್ಪನಿಗೆ ಹೇಳುವಷ್ಟು ಸುಧಾರಿಸಿದ್ದಳು. ಆ ವರ್ಷ ಅಕ್ಕಿಆಲೂರಿನಲ್ಲಿ ಅವ್ವ ಅವಳ ಕೈಯಿಂದಲೇ ನನಗೆ ಕುಂಕುಮ ಹಚ್ಚಿಸಿದಳು. ಯಾರಾದರೂ ಏನಾದರೂ ಅಂದಾರೆಂದು ಲಟ್ಟಣಿಗೆ ಹಿಡಿದೇ ನಿಂತಿದ್ದಳು.

ಇದೆಲ್ಲ ಯಾಕೆ ನೆನಪಾಯಿತೆಂದರೆ, ಈ ವರ್ಷದ ಪಂಚಮಿಗೆ ದೊಡ್ಡ ಫಜೀತಿಯಾಯಿತು. ಅಪ್ಪನ ಕಣ್ಣಿನ ನರ ಸೊರಗಿದೆ. ಎದುರಿನದು ಕಾಣುತ್ತದೆ, ಪಕ್ಕದಿಂದ ಬರುವುದು ಕಾಣುವುದಿಲ್ಲ. ಇನ್ನು ಸ್ಟೇರಿಂಗ್ ಮುಟ್ಟಬೇಡಿ ಎಂದು ಡಾಕ್ಟರು ಹೇಳಿದರು. ಅತ್ತಿಗೂ ಮಂಡಿನೋವು. "ನಮ್ಮ ಹುಡುಗರು ಕಾರಿನಾಗ ಬಿಟ್ಟು ಬರತೇವಿ ಅಂತಾರ. ನಾ ಒಲ್ಲೆ. ಅಣ್ಣ ಕರ್ಯಾಕ ಬಂದ್ರ ತವರು, ಇಲ್ಲಾಂದ್ರ ಅದೇನ್ ತವರವಾ? ಈ ವರ್ಷ ಬಿಟ್ಟಬಿಡ್ರಿ" ಎಂದು ಫೋನಿನಲ್ಲಿ ಹೇಳಿದಳು. ಅಪ್ಪ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಶೆಡ್ಡಿಗೆ ಹೋಗಿ ಬಂಡಿಯ ಹತ್ತಿರ ಸ್ಟೂಲು ಹಾಕಿಕೊಂಡು ಕೂರುತ್ತಿದ್ದ.

ಓಡಿಸುವವರು ಯಾರು? ನನ್ನ ಅಣ್ಣ ಸಿದ್ಧನಾದ. ಆದರೆ ಅವನ ಹೊಟ್ಟೆ ಸೀಟಿಗೂ ಸ್ಟೇರಿಂಗಿಗೂ ನಡುವೆ ಹಿಡಿಸಲೇ ಇಲ್ಲ. ಒಳಗೆ ತೂರಿದವನನ್ನು ಹೊರಗೆಳೆಯಲು ಗಿರಣಿಯ ಇಬ್ಬರು ಹಮಾಲರು ಬರಬೇಕಾಯಿತು. ವಿಲಾಯತಿಯವರು ನಾಲ್ಕಿಂಚು ಅಗಲ ಮಾಡಿದರು ನಿಜ, ನಮ್ಮ ಅಣ್ಣನ ಅಂದಾಜು ಅವರಿಗಿರಲಿಲ್ಲ. ಅವ್ವ ನನ್ನ ಕಡೆ ನೋಡಿದಳು. "ಇಕಿ ಏನ್ ಕಾರು ಹೊಡ್ಯಾಂಗಿಲ್ಲೇನ? ಅಳಿಯನ ಕಾರು ದಿನಾ ಹೊಡಿತಾಳ." ಅಪ್ಪ, "ಹೊಡೀಲಿ. ಆದ್ರ ಬಾಜೂಕ ನಾ ಕುಂದರಾಂವ" ಅಂದ.

ಸವಣೂರಿನಿಂದ ಮೌಲಾಸಾಬರು ಬಂದರು. ಅಜ್ಜನ ಕಾಲದ ಕೊನೆಯಿಂದಲೂ ಈ ಬಂಡಿಗೆ ಅವರೇ ಫಿಟರ್. ಒಂದು ಕಟ್ಟು ಸವಣೂರು ವೀಳ್ಯದೆಲೆ ಅಪ್ಪನ ಮುಂದಿಟ್ಟು, ಪ್ಲಗ್ ತಿಕ್ಕಿ, ಎಣ್ಣೆ ಬದಲಿಸಿ, ಹ್ಯಾಂಡಲ್ ಹಾಕಿ ತಿರುವಿದರು. ಬಂಡಿ ಕೆಮ್ಮಿತು, ಸೀನಿತು, ಹೊತ್ತಿಕೊಂಡಿತು. "ಕಾಕಾ, ಬಲಗೈದೂ ಒಂದೀಟು ನೋಡ್ರಲ್ಲ" ಅಂದೆ. ಅವರು ಅಪ್ಪನ ಮುಖ ನೋಡಿ, "ಅದನ್ನ ನಾ ಮುಟ್ಟಂಗಿಲ್ರಿ ಅಕ್ಕಾರ. ಅದು ಸಾವ್ಕಾರ್ರ ಖಾತೆ" ಅಂದರು. ಎಲ್ಲ ಮುಗಿದಾಗ ರವಿವಾರ ಬೆಳಿಗ್ಗೆ. ಮಂಗಳವಾರ ಪಂಚಮಿ. ನಡುವೆ ಸೋಮವಾರ, ಅದೂ ಶ್ರಾವಣದ್ದು. ಹೋಗುವುದಿದ್ದರೆ ಇವತ್ತೇ.

ಮೊದಲ ಮೂರು ಮೈಲಿ ನನ್ನ ಪ್ರಾಣ ನನ್ನ ಕೈಯಲ್ಲಿರಲಿಲ್ಲ. ಅಪ್ಪ ಎಡಗಡೆ ಕೂತು ಇಲ್ಲದ ಬ್ರೇಕನ್ನು ಒತ್ತುತ್ತಿದ್ದ. "ಗೇರ್ ಹಂಗ ತುರುಕಬ್ಯಾಡ, ಬೆಣ್ಣ್ಯಾಗ ಕೈ ಇಟ್ಟಂಗ ಹಾಕು." "ಆ ನಾಯಿ ಕಂಡ್ಯೇನ?" "ಯಪ್ಪಾ, ಕಂಡೇನಿ." "ಮತ್ತ ಅದು ನಿನ್ನ ಕಂಡೈತೇನ?" ಬಲಕ್ಕೆ ಹೊರಳುವಾಗೆಲ್ಲ ನಾನೂ ಅಪ್ಪನಂತೆ ಕಿಟಕಿಯಿಂದ ಕೈ ಚಾಚಿದೆ. ಬರಬರುತ್ತ ಬಂಡಿ ನನ್ನ ಬೆರಳಿಗೆ ಒಗ್ಗಿತು. ಗದ್ದೆಗಳ ನಡುವೆ ಅದು ಗುಂಯ್‌ಗುಡುತ್ತ ಹೋಗುವಾಗ ಇಷ್ಟು ವರ್ಷ ಅಪ್ಪ ಯಾರಿಗೂ ಯಾಕೆ ಕೀಲಿ ಕೊಡಲಿಲ್ಲವೆಂದು ತಿಳಿಯಿತು. ಕೊಡಬಾರದು, ನಿಜ. ಇಂಥದ್ದನ್ನು ಯಾರು ಕೊಡುತ್ತಾರೆ?

ಮಾಸೂರಿನಲ್ಲಿ ಅತ್ತಿ ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದಳು. ಬಂಡಿಯ ಸದ್ದಿಗೇ ಎದ್ದು ನಿಂತಳು. "ಬಂದ್ಯೇನೋ ಅಣ್ಣಾ! ಕಣ್ಣು ಕಾಣಂಗಿಲ್ಲಂದ್ರಲ್ಲೋ?"

"ನಿಮ್ಮನಿ ದಾರಿಗೆ ಕಣ್ಣ್ ಯಾಕ ಬೇಕ? ನಡಿ, ಹಬ್ಬಕ್ಕ ಕರ್ಯಾಕ ಬಂದೇನಿ."

"ಇವತ್ತ ಇರ್ರಿ, ನಾಳಿ ಹೋಗೂಣು. ಮಂಡಿ ಭಾಳ ಹಿಡದಾವು."

"ನಾಳಿ ಸೋಮಾರ!" ಅಂದ ಅಪ್ಪ. ಅತ್ತಿ ಶೇಂಗಾ ಬುಟ್ಟಿಯನ್ನು ಸೊಸೆಯ ಕೈಗೆ ಕೊಟ್ಟು, ಸೀರೆ ಬದಲಿಸಿ ಬಂದೇಬಿಟ್ಟಳು. ನನ್ನ ಹಿಂದೆ ತನ್ನ ಸೀಟಿನಲ್ಲಿ ಕೂತಳು.

ದೊಡ್ಡ ರಸ್ತೆಗೆ ಬಂದೆವು. ಬಲಕ್ಕೆ ಹೊರಳಬೇಕು. ಹಿಂದಿನಿಂದ ಅತ್ತಿ ಗುದ್ದಿದಳು. ಕೈ ಏಳಲಿಲ್ಲ. ಇನ್ನೊಮ್ಮೆ ಗುದ್ದಿದಳು, ಈ ಸಲ ಜೋರಾಗಿ. ಏಳಲಿಲ್ಲ. ನಾನು ಕನ್ನಡಿಯಲ್ಲಿ ನೋಡಿದೆ. ಅತ್ತಿ ಅಂಗೈ ಬಿಡಿಸಿ ನೋಡಿಕೊಳ್ಳುತ್ತಿದ್ದಳು, ಆವತ್ತು ನೋಡಿಕೊಂಡ ಹಾಗೆಯೇ. "ಹೋಗ್ಲಿ ಬಿಡವಾ ಶಾರೀ" ಅಂದಳು. "ನನ್ನ ಕೈಯಾಗೂ ಏನ ಉಳದಿಲ್ಲ."

ಆಗ ನನ್ನ ಎಡಮೊಳಕಾಲಿಗೆ ಏನೋ ತಗಲಿತು. ಕೆಳಗೆ ನೋಡಿದರೆ ಅಪ್ಪನ ಕೈ. ಡ್ಯಾಶ್‌ಬೋರ್ಡಿನ ಅಡಿ, ವೈರುಗಳ ನಡುವೆ, ಕತ್ತಲಲ್ಲಿ ಕನ್ನಡಕ ಹುಡುಕುವವರ ಹಾಗೆ ತಡಕಾಡುತ್ತಿತ್ತು. ಡ್ರೈವರ್ ಸೀಟಿನಿಂದ ಎಡಗೈಯಲ್ಲಿ ಅಳತೆ ಬಲ್ಲವನಿಗೆ ಪಕ್ಕದ ಸೀಟಿನಿಂದ ಬಲಗೈಯಲ್ಲಿ ದಿಕ್ಕು ತಪ್ಪಿತ್ತು. ಕಣ್ಣೂ ಸಾಥ್ ಕೊಡುತ್ತಿರಲಿಲ್ಲ. ಹಣೆಯ ಮೇಲೆ ಬೆವರು. ಅವನ ಬೆರಳಿನಿಂದ ಎರಡಿಂಚು ಆಚೆ, ಯಾರಿಗೂ ಕಾಣದ ಮೂಲೆಯಲ್ಲಿ, ಹಳೆಯ ಕಾಲಿಂಗ್ ಬೆಲ್ಲಿನ ಒಂದು ಕರಿ ಗುಂಡಿ ಇತ್ತು. ನನ್ನ ಬೆರಳನ್ನು ಅದರ ಮೇಲಿಟ್ಟೆ.

"ಅತ್ತೀ," ಅಂದೆ, "ಇನ್ನೊಂದ ಸಲ ಹೊಡೀ. ಬಂಡಿ ಈಗರ ಎಚ್ಚರಾಗೇತಿ."

ಅತ್ತಿ ಗುದ್ದಿದಳು. ನಾನು ಗುಂಡಿ ಒತ್ತಿದೆ. ಟಪ್! ಕೇಸರಿ ದೀಪ ಹೊತ್ತಿತು. ಅಪ್ಪ ಮೆಲ್ಲಗೆ ಕೈ ಹಿಂದಕ್ಕೆಳೆದುಕೊಂಡು, ಕಿಟಕಿಯ ಹೊರಗೆ ನೋಡುತ್ತ, "ನಾ ಹೇಳಿದ್ನಿಲ್ಲ? ಅಕಿ ಕೈಗೇ ಏಳೂದು" ಅಂದ. ನಾನು ಬಲಕ್ಕೆ ಹೊರಳಿದೆ. ಮದಗದ ಕೆರೆಯ ಗಾಳಿ ಬಂತು. ನಾನು ವರ್ಷಗಟ್ಟಲೆ ಬೋರ್ಡಿನ ಮೇಲೆ ಬರೆದ ಬಾಣಗಳೆಲ್ಲ ಒಂದೊಂದಾಗಿ ಉದುರಿದವು.

ಮನೆ ಮುಟ್ಟಿ ಬಂಡಿ ಶೆಡ್ಡಿಗೆ ಹಾಕುವಾಗ ಅಪ್ಪನನ್ನು ಹಿಡಿದುಕೊಂಡೆ. "ಯಾವಾಗಿಂದ ಇದು?"

"ನಿಮ್ಮ ಮಾಮಾ ಹೋದ ವರ್ಷದಿಂದ" ಅಂದ. ಬಂಡಿಯ ಕಂಬವನ್ನು ಟವೆಲ್ಲಿನಿಂದ ಒರೆಸುತ್ತಿದ್ದ. "ಆ ವರ್ಷ ಕೈ ಪೂರಾ ಸತ್ತಿತ್ತು. ಯಾರ ಗುದ್ದಿದ್ರೂ ಏಳತಿದ್ದಿಲ್ಲ. ಪಂಚಮಿ ಬಂತು. ಅಕಿ ಬಂದು ಕುಂತು ಗುದ್ದತಾಳ, ಅದು ಏಳದ ಹೋದ್ರ? ಮೊದಲ ಊರ ಮಂದಿ ಅಕಿ ಕೈ ಚಲೋ ಅಲ್ಲಂತ ತಲಿ ತುಂಬ್ಯಾರ. ಬಂಡಿನೂ ಹಂಗ ಅಂದ್ರ ಅಕಿ ಏನ್ ತಿಳಕೋಬೇಕ? ಮೌಲಾನ್ನ ಕರದು ಹೊಸಾ ಸುರುಳಿ ಹಾಕ್ಸಿ, ಗುಂಡಿ ಕಾಣಧಂಗ ಕೆಳಗ ಕುಂದ್ರಿಸಿದೆ. ಅಕಿಗೆ ಹೇಳಬ್ಯಾಡ ಮತ್ತ. ನನ್ನಾಣಿ."

ಆಣೆ ಮಾಡಿದೆ. ಎಲ್ಲಿ ಬಾಯಿ ಜಾರಿಬಿಡುತ್ತೇನೋ ಎಂದು ಹಬ್ಬದ ಹಿಂದಿನ ದಿನ, ರೊಟ್ಟಿ ಪಂಚಮಿಯಂದು, ಇಡೀ ದಿನ ಅತ್ತಿಯಿಂದ ದೂರವೇ ಇದ್ದೆ.

ಪಂಚಮಿಯ ದಿನ ಹಿತ್ತಲಿನ ಬೇವಿನ ಮರಕ್ಕೆ ಜೋಕಾಲಿ ಕಟ್ಟಿದ್ದರು. ಮಂಡಿನೋವಿನ ಅತ್ತಿ ಎಲ್ಲರಿಗಿಂತ ಮೊದಲು ಏರಿ ಕೂತಳು. ನಾನು ಹಗುರಾಗಿ ತೂಗುತ್ತಿದ್ದೆ. ಒಂದು ಸಲ ಹಿಂದಕ್ಕೆ ಬಂದಾಗ ನನ್ನ ಕಿವಿಯ ಹತ್ತಿರ, "ಗುಂಡಿ ನೀ ಒತ್ತಿದೇನ ಮೊನ್ನೆ?" ಅಂದಳು.

ನನ್ನ ಕೈಯಿಂದ ಹಗ್ಗ ಜಾರಿತು. "ನಿನಗ... ಗೊತ್ತೈತೇನತ್ತೀ?"

"ಹಿಂದ ಕುಂತಾಕಿಗೆ ಮುಂದಿನವನ ಭುಜ ಕಾಣಂಗಿಲ್ಲೇನ? ನಾ ಗುದ್ದೂಕಿಂತ ಮೊದಲ ಅವನ ಎಡಗೈ ಕೆಳಗ ಇಳೀತಿತ್ತು. ಎರಡನೇ ವರ್ಷಕ್ಕ ತಿಳೀತು."

"ಮತ್ತ ಇಷ್ಟ ವರ್ಷ ಸುಳ್ಳ ಸುಳ್ಳ ಗುದ್ದಿದ್ಯಾ?"

"ಸುಳ್ಳಲ್ಲವಾ" ಅಂದಳು ಅತ್ತಿ. ಕಾಲು ನೆಲಕ್ಕೆ ಕೊಟ್ಟು ಜೋಕಾಲಿ ನಿಲ್ಲಿಸಿದಳು. "ಕೈ ಎದ್ದ ಕೂಡ್ಲೇ ಅಂವ ಕನ್ನಡಿಯಾಗ ನನ್ನ ಮಾರಿ ನೋಡತಿದ್ದ. ನಾ ನಕ್ಕೇನೋ ಇಲ್ಲೋ ಅಂತ. ಆಗ ಅವನ ಮಾರಿ ನೋಡಬೇಕಿತ್ತು ನೀನು! ಸಣ್ಣಾಂವ ಇದ್ದಾಗ ಹೆಂಗಿದ್ದ, ಹಂಗ. ಅದನ್ನ ನೋಡಾಕ ಗುದ್ದತಿದ್ನಿ. ಈ ಸಲ ಎಡಕ್ಕ ಕುಂತಿದ್ನಲ್ಲ, ಕಾಣಲಿಲ್ಲ ನೋಡು. ಅವಗ ಹೇಳಬ್ಯಾಡ ಮತ್ತ. ನನ್ನಾಣಿ."

ಹೀಗೆ ಎರಡು ಆಣೆಗಳ ನಡುವೆ ಸಿಕ್ಕಿಕೊಂಡೆ. ಹೇಳಿದರೆ ಒಬ್ಬರಲ್ಲ, ಇಬ್ಬರೂ ನನ್ನನ್ನು ಬಡಿಯುತ್ತಾರೆ.

ಹಬ್ಬ ಮುಗಿದು ಅತ್ತಿಯನ್ನು ಬಿಟ್ಟುಬರುವ ದಿನ. ಅವ್ವ ಉಂಡಿಯ ಡಬ್ಬಿ ಮಡಿಲಿಗಿಟ್ಟು, "ಮುಂದಿನ ವರ್ಷ ನನ್ನ ದುಂಡಸಿಗೂ ಕಾರು ಹೋಗಬೇಕ ನೋಡು ಶಾರೀ, ಈಗ ಕೀಲಿ ನಿನ್ನ ಕಡೆ ಐತಿ" ಅಂದಳು. ಅಪ್ಪ ಎಡಗಡೆ ಕೂತ, ಅತ್ತಿ ನನ್ನ ಹಿಂದೆ. ನಾನು ಕೀಲಿ ತಿರುವುವ ಮೊದಲು ನಡುವಿನ ಕನ್ನಡಿಯನ್ನು ಹಿಡಿದು ಸ್ವಲ್ಪ ಹೊರಳಿಸಿದೆ. ಪತನಕೋನ, ಪ್ರತಿಫಲನಕೋನ ಎರಡೂ ಸಮ. ಇಷ್ಟು ವರ್ಷ ಕಲಿಸಿದ ವಿಜ್ಞಾನ ಈ ಬಂಡಿಯಲ್ಲಿ ಒಮ್ಮೆಯಾದರೂ ಸರಿಯಾಗಿ ಉಪಯೋಗವಾಯಿತು.

"ಕನ್ನಡಿ ಯಾಕ ಹಂಗ ಹೊಳ್ಳಿಸಿದಿ? ಹಿಂದಿಂದು ಕಾಣಬೇಕಲ್ಲ ನಿನಗ?" ಅಂದ ಅಪ್ಪ.

"ಪಕ್ಕದ ಕನ್ನಡ್ಯಾಗ ನೋಡಕೋತೇನಿ ಬಿಡಪ್ಪಾ" ಅಂದೆ.

ಗಿರಣಿಯ ಗೇಟು ದಾಟಿ ಬಲಕ್ಕೆ ಹೊರಳಬೇಕು. ಅತ್ತಿ ಬಳೆಯಿಲ್ಲದ ಕೈಯನ್ನು ಬಳೆ ಇದ್ದ ಹಾಗೆ ಮೇಲೆ ಸರಿಸಿ ಗುದ್ದಿದಳು. ನಾನು ಎಡಗೈ ಇಳಿಸಿ ಒತ್ತಿದೆ. ಟಪ್ಪೆಂದು ಕೈ ಎದ್ದಿತು. ಅದರ ಕಡೆ ಯಾರೂ ನೋಡಲಿಲ್ಲ. ಅಪ್ಪ ಕನ್ನಡಿಯಲ್ಲಿ ಅತ್ತಿಯನ್ನು ನೋಡುತ್ತಿದ್ದ, ಅತ್ತಿ ಅಪ್ಪನನ್ನು.